ಕನ್ನಡಿಯಲ್ಲಿ ಕಾಣುವ ಜಾಗ

ಹೇರ್‌ಪಿನ್ನಿನ ತುದಿಯಿಂದ ರಾಜಿ ಗಂಡನ ಹೆಬ್ಬೆರಳಿನ ಉಗುರಿನ ಸಂದಿಯನ್ನು ಕೆರೆಯುತ್ತಿದ್ದಳು. ಫ್ಯೂನರಲ್ ಹೋಮಿನವರು ಸುಬ್ಬುವಿಗೆ ಸ್ನಾನ ಮಾಡಿಸಿ, ತಲೆ ಬಾಚಿ, ಬದುಕಿದ್ದಾಗ ಅವನು ಒಂದು ದಿನವೂ ಹಚ್ಚಿಕೊಳ್ಳದ ಪೌಡರನ್ನು ಕೆನ್ನೆಗೆ ಬಳಿದಿದ್ದರು. ಉಗುರಿನೊಳಗಿನ ಕಪ್ಪು ಗ್ರೀಸು ಮಾತ್ರ ಹಾಗೇ ಉಳಿದಿತ್ತು. ಕ್ಯಾನ್ಸಸ್ಸಿನಿಂದ ವಿಮಾನದಲ್ಲಿ ನ್ಯೂಜೆರ್ಸಿಯ ನ್ಯೂವರ್ಕಿಗೆ, ಅಲ್ಲಿಂದ ವ್ಯಾನಿನಲ್ಲಿ ತಮ್ಮೂರು ಹಿಲ್ಸ್‌ಬರೋಗೆ ಬಂದು, ಹೂವಿನ ಮಧ್ಯೆ ಮಲಗಿದ ಮೇಲೂ ಅದು ಅವನನ್ನು ಬಿಟ್ಟಿರಲಿಲ್ಲ.

"ಸಾಕು ಬಿಡೇ," ಎಂದಳು ಓರಗಿತ್ತಿ ಶೈಲಜಾ, ಹಿಂದಿನಿಂದ ಬಂದು ಭುಜ ಮುಟ್ಟಿ. "ಯಾರು ನೋಡ್ತಾರೆ ಅದನ್ನ."

"ಅವರು ನೋಡ್ತಿದ್ರು ಅಕ್ಕ. ಇಷ್ಟು ಕೊಳೆ ಉಳಿದ್ರೂ ಊಟದಿಂದ ಎದ್ದು ಹೋಗಿ ಮತ್ತೆ ತೊಳ್ಕೊಂಡು ಬರ್ತಿದ್ರು."

ಶೈಲಜಾ ತನ್ನ ಕೈಚೀಲದಿಂದ ಒಂದು ಟಿಶ್ಯೂ ತೆಗೆದು ಒದ್ದೆ ಮಾಡಿ ಕೊಟ್ಟಳು. ರಾಜಿ ಉಗುರನ್ನು ಒರೆಸಿದಳು. ಸ್ವಲ್ಪ ಹೋಯಿತು. ಪೂರ್ತಿ ಹೋಗಲಿಲ್ಲ.

ಜನ ಸಾಲಾಗಿ ಬಂದು ನಿಲ್ಲತೊಡಗಿದ್ದರು. ಎಲ್ಲರಿಗಿಂತ ಮುಂದೆ ವಿಜಯ್ ಇದ್ದ. ಸುಬ್ಬುವಿನ ಜೊತೆ ಇಷ್ಟೂ ವರ್ಷ ಒಂದೇ ರೈಲಿನಲ್ಲಿ ಮ್ಯಾನ್‌ಹ್ಯಾಟನ್ನಿಗೆ ಕಮ್ಯೂಟ್ ಮಾಡಿದವನು. ಅವನು ಶವಪೆಟ್ಟಿಗೆಯ ಅಂಚು ಹಿಡಿದು ನಿಂತ.

"ಇಷ್ಟಪಟ್ಟಿದ್ದನ್ನೇ ಮಾಡ್ತಾ ಹೋದ, ರಾಜಿ," ಎಂದ. "ನಾವೆಲ್ಲ ಆಸ್ಪತ್ರೆ ಮಂಚದ ಮೇಲೆ ಪೈಪು ಸಿಕ್ಕಿಸ್ಕೊಂಡು ಹೋಗ್ತೀವಿ. ಇವನು ನೋಡು, ಕ್ಯಾಂಪ್‌ಗ್ರೌಂಡಿನಲ್ಲಿ, ತಾನೇ ಆರಿಸಿದ ಜಾಗದಲ್ಲಿ. ಜಾಗ ಆರಿಸೋದ್ರಲ್ಲಿ ಎತ್ತಿದ ಕೈ ನಮ್ಮ ಸುಬ್ಬು."

"ಅದು ಅವರು ಆರಿಸಿದ್ದಲ್ಲ..." ಎಂದಳು ರಾಜಿ.

ಆದರೆ ಅಷ್ಟರಲ್ಲಿ ಸಾಲಿನಲ್ಲಿ ಅವನ ಹಿಂದಿದ್ದವರು ಅವಳ ಕೈ ಹಿಡಿದಾಗಿತ್ತು. ಇಷ್ಟಪಟ್ಟಿದ್ದನ್ನೇ ಮಾಡ್ತಾ ಹೋದ್ರು ಆಂಟಿ ಎಂದು ಅವರೂ ಹೇಳಿದರು. ಯಾರೋ ಒಬ್ಬರು ಬಾಯಿಗೆ ತಂದುಕೊಟ್ಟ ಮಾತು ಸಾಲಿನುದ್ದಕ್ಕೂ ಪ್ರಸಾದದ ಹಾಗೆ ಕೈಯಿಂದ ಕೈಗೆ ದಾಟುತ್ತ ಬಂತು. ರಾಜಿ ತಲೆಯಾಡಿಸಿದಳು. ತಲೆಯಾಡಿಸಿದಾಗಲೆಲ್ಲ ತಾನು ಸುಳ್ಳು ಹೇಳುತ್ತಿದ್ದೇನೆ ಅನ್ನಿಸುತ್ತಿತ್ತು.

ಕಪ್ಪು ಸೂಟಿನ ಮ್ಯಾನೇಜರು ಬಂದು ಮೆಲುದನಿಯಲ್ಲಿ, ಇನ್ನು ಸ್ವಲ್ಪ ಹೊತ್ತಿಗೆ ಕ್ರೆಮಟೋರಿಯಂಗೆ ಹೊರಡಬೇಕು, ಅಲ್ಲಿ ಒಳಗಿನ ಕೋಣೆ ಚಿಕ್ಕದು, ಕುಟುಂಬದಿಂದ ಯಾರು ಯಾರು ಬರುತ್ತೀರಿ ಎಂದು ಕೇಳಿದ.

ಉತ್ತರ ಕೊಟ್ಟವರು ನಾಗಭೂಷಣ. ಸುಬ್ಬುವಿನ ಅಣ್ಣ, ಶೈಲಜಾಳ ಗಂಡ. ಫ್ಲೋರಲ್ ಪಾರ್ಕಿನ ತಮ್ಮ ಮನೆಯಿಂದ ಬೆಳಗ್ಗೆಯೇ ಬಂದು ಪುರೋಹಿತರನ್ನು, ದರ್ಭೆಯನ್ನು, ಮಣ್ಣಿನ ಮಡಕೆಯನ್ನು ಎಲ್ಲ ಹೊಂದಿಸಿದವರು ಅವರೇ. ಪಂಚೆಯ ಕೆಳಗೆ ಬಿಳಿ ಸ್ನೀಕರ್ಸ್ ಹಾಕಿಕೊಂಡಿದ್ದರು.

"ಗಂಡಸರು ಮಾತ್ರ," ಎಂದರು ಇಂಗ್ಲಿಷಿನಲ್ಲಿ. "ನಾನು, ನನ್ನ ಮಗ ಕ್ರಿಷ್, ಸುಬ್ಬುವಿನ ಅಳಿಯ ಮಯಾಂಕ್, ವಿಜಯ್, ಪುರೋಹಿತರು."

"ನಾನೂ ಬರ್ತೀನಿ ಬಾವ," ಎಂದಳು ರಾಜಿ.

ಅವರು ಅವಳನ್ನು ನೋಡಿದರು. ಕೋಪದಿಂದ ಅಲ್ಲ. "ನೀನು ಮನೆಗೆ ಹೋಗಮ್ಮ. ಮನೆ ತೊಳೆದು ದೀಪ ಹಚ್ಚಿಡಬೇಕಲ್ಲ. ನಮ್ಮ ಹೆಂಗಸರು ಯಾವತ್ತು ಅಲ್ಲಿಗೆ ಹೋಗಿದಾರೆ? ನೋಡೋಕೇನಿದೆ ಅಲ್ಲಿ, ಒಂದು ಷೆಡ್ಡು, ಒಂದು ಕುಲುಮೆ. ಒಂದ್ಸಲ ಕಂಡ್ರೆ ಕಣ್ಣಿಂದ ಹೋಗಲ್ಲ. ನಿನ್ನ ಒಳ್ಳೇದಕ್ಕೇ ಹೇಳ್ತಿದೀನಿ."

ನಿನ್ನ ಒಳ್ಳೆಯದಕ್ಕೆ ಎಂದು ಯಾರಾದರೂ ಹೇಳಿದರೆ ಅದಕ್ಕೆ ಏನು ಉತ್ತರ ಕೊಡಬೇಕೆಂದು ರಾಜಿಗೆ ಯಾವತ್ತೂ ತಿಳಿದಿರಲಿಲ್ಲ. ಬಾವ ಹೇಳುವುದೇ ಸರಿ ಇರಬಹುದು. ಬೇರೆಯವರು ಹೇಳುವುದು ಸಾಮಾನ್ಯವಾಗಿ ಸರಿಯೇ ಇರುತ್ತಿತ್ತು. ಅವಳು ಹೇರ್‌ಪಿನ್ನನ್ನು ಟಿಶ್ಯೂವಿನಲ್ಲಿ ಸುತ್ತಿ ಮುಷ್ಟಿಯಲ್ಲಿ ಹಿಡಿದುಕೊಂಡಳು.

*

ಸುಬ್ಬು ಮೂವತ್ತು ವರ್ಷ ಒಂದು ವಿಮಾ ಕಂಪನಿಯ ಹಳೆಯ ಕಂಪ್ಯೂಟರುಗಳಿಗೆ ಪ್ರೋಗ್ರಾಮ್ ಬರೆದವನು. ಬೆಳಗ್ಗೆ ಕತ್ತಲಲ್ಲಿ ರೈಲು, ನ್ಯೂವರ್ಕಿನಲ್ಲಿ ಬದಲಿ ರೈಲು, ಆಮೇಲೆ ಜೌಗು, ಗೋದಾಮುಗಳ ಬೆನ್ನು, ಸುರಂಗ. ಸಂಜೆ ಅದೇ ಸುರಂಗ, ಅದೇ ಗೋದಾಮು. ರಿಟೈರ್ ಆದ ಮೇಲೆ ಯಾರಿಗೂ ಹೇಳದೆ ಹೋಗಿ ಒಂದು ಸೆಕೆಂಡ್ ಹ್ಯಾಂಡ್ ಆರ್‌ವಿ ಕೊಂಡು ತಂದ. ಒಳಗೆ ಹಾಸಿಗೆ, ಒಲೆ, ಬಚ್ಚಲು ಎಲ್ಲ ಇರುವ, ಹೆಚ್ಚುಕಡಿಮೆ ಬಸ್ಸಿನಷ್ಟು ಉದ್ದದ ಗಾಡಿ. ಮನೆಯ ಮುಂದೆ ಅದು ನಿಂತಾಗ ಬೀದಿಯ ಎದುರು ಸಾಲಿನ ಮನೆಗಳು ಕಾಣಿಸುತ್ತಲೇ ಇರಲಿಲ್ಲ.

"ಜನ ಕಾಶಿಗೆ ಹೋಗ್ತಾರೆ," ಎಂದಿದ್ದರು ನಾಗಭೂಷಣ, ನೋಡಲು ಬಂದವರು. "ಇವನು ಕಕ್ಕಸು ಕಟ್ಕೊಂಡು ನೆಬ್ರಾಸ್ಕಕ್ಕೆ ಹೊರಟಿದಾನೆ. ಅಲ್ಲಯ್ಯಾ, ಅದನ್ನ ಖಾಲಿ ಮಾಡೋರು ಯಾರು?"

"ನಾನೇ. ಪೈಪ್ ಇದೆ, ಗ್ಲೌಸ್ ಇದೆ."

"ನಮ್ಮಪ್ಪ ಕೇಳಿಸ್ಕೊಂಡಿದ್ರೆ ಇನ್ನೊಂದ್ಸಲ ಸತ್ತಿರೋರು."

ಸುಬ್ಬು ನಕ್ಕಿದ್ದ. ಹೆಸರಾಂತ ಕಣಿವೆ, ಜಲಪಾತ ಅವನಿಗೆ ಬೇಕಿರಲಿಲ್ಲ. ಆಫೀಸಿನ ಕೆಲಸಕ್ಕೆ ಕ್ಯಾಲಿಫೋರ್ನಿಯಾಕ್ಕೆ ಹಾರುವಾಗ ವಿಮಾನದ ಕಿಟಕಿಯಿಂದ ಕೆಳಗೆ ಚೌಕ ಚೌಕವಾಗಿ ಹೊಲಗಳು ಕಾಣುತ್ತಿದ್ದವಂತೆ. ಗಂಟೆಗಟ್ಟಲೆ ಅದೇ. ಅಲ್ಲಿ ಒಂದು ರಾತ್ರಿ ಮಲಗಿ ಏಳಬೇಕು ಎಂಬುದು ಅವನ ಆಸೆ. ಅದೇನು ದೊಡ್ಡ ಆಸೆ ಎಂದು ರಾಜಿ ಕೇಳಲಿಲ್ಲ. ಅವಳಿಗೆ ಹೋಗುವ ಮನಸ್ಸಿರಲಿಲ್ಲ. ಬೇಡ ಎನ್ನಲು ಬೇಕಾದ ಧೈರ್ಯವೂ ಇರಲಿಲ್ಲ.

ಚಳಿಗಾಲವಿಡೀ ಅವನು ಸೋಫಾದ ಮೇಲೆ ಕೂತು ಕ್ಯಾಂಪ್‌ಗ್ರೌಂಡ್ ಆರಿಸುತ್ತಿದ್ದ. ಹೊಲದ ನಡುವೆ, ಹೆದ್ದಾರಿಯ ಪಕ್ಕ, ಧಾನ್ಯದ ಎತ್ತರದ ಗೋಪುರಗಳ ಬುಡದಲ್ಲಿ ಒಂದಿಷ್ಟು ನೆಲ. ಒಂದೊಂದು ಗಾಡಿಗೂ ಒಂದು ಸೈಟು, ಒಂದು ಕರೆಂಟಿನ ಕಂಬ, ಒಂದು ನಲ್ಲಿ. ಚಿತ್ರ ನೋಡಿ, ಜನ ಬರೆದ ಹೊಗಳಿಕೆ ಓದಿ ಆರಿಸುವವನಲ್ಲ ಸುಬ್ಬು. ಆಕಾಶದಿಂದ ತೆಗೆದ ನಕ್ಷೆಯನ್ನು ಫೋನಿನಲ್ಲಿ ಹಿಗ್ಗಿಸಿ, ಮರದ ನೆರಳು ಎತ್ತ ಬಿದ್ದಿದೆ ನೋಡಿ, ಅಲ್ಲಿಗೆ ಫೋನ್ ಮಾಡುತ್ತಿದ್ದ.

"ಹದಿನಾಲ್ಕನೇ ಸೈಟಿನ ಮರದ ನೆರಳು ಮಧ್ಯಾಹ್ನದ ಮೇಲೆ ಕರೆಂಟ್ ಕಂಬದ ಕಡೆ ಇರುತ್ತಾ, ಬಾಗಿಲ ಕಡೆಗಾ?"

ಆ ಕಡೆಯವರು ನಗುತ್ತಿದ್ದರು. ಕೆಲವರು ಎದ್ದು ಹೋಗಿ ನೋಡಿ ಬಂದೂ ಹೇಳುತ್ತಿದ್ದರು.

ಸೈಟುಗಳಲ್ಲಿ ಎರಡು ಬಗೆ. ಮಧ್ಯದ ಬಯಲಿನಲ್ಲಿರುವವು ಗಾಡಿಯನ್ನು ಒಂದು ಕಡೆಯಿಂದ ಒಳಕ್ಕೆ ಬಿಟ್ಟು ಇನ್ನೊಂದು ಕಡೆಯಿಂದ ಹಾಗೇ ನೇರ ಹೊರಡುವಂಥವು. ಪುಲ್-ಥ್ರೂ ಅನ್ನುತ್ತಾರೆ. ಅಂಚಿನಲ್ಲಿ, ಮರಗಳ ಕೆಳಗೆ ಇರುವ ಸೈಟುಗಳಿಗೆ ಮಾತ್ರ ಗಾಡಿಯನ್ನು ಹಿಮ್ಮುಖವಾಗಿ ತೂರಿಸಬೇಕು. ಸುಬ್ಬು ಆರಿಸುತ್ತಿದ್ದದ್ದು ಯಾವಾಗಲೂ ಅಂಚಿನವನ್ನೇ.

ಹಿಂದೆ ಅವನ ಹೃದಯಕ್ಕೆ ಸ್ಟೆಂಟ್ ಹಾಕಿದ ಡಾಕ್ಟರು ಬಿಸಿಲಿನಲ್ಲಿ ಬಗ್ಗಿ ಭಾರದ ಕೆಲಸ ಮಾಡಬೇಡಿ ಎಂದಿದ್ದರು. ಇಬ್ಬರೂ ಕೇಳಿಸಿಕೊಂಡಿದ್ದರು. ಮನೆಗೆ ಬರುವಾಗ ಕಾರಿನಲ್ಲಿ ಇಬ್ಬರೂ ಅದರ ಮಾತೆತ್ತಲಿಲ್ಲ. ನೆರಳು ಹುಡುಕುವಾಗ ಅವನೂ ಕಾರಣ ಹೇಳಲಿಲ್ಲ. ಅದು ಕಂಪ್ಯೂಟರಿನವನ ಖಯಾಲಿ ಎಂದು ರಾಜಿ ತಿಳಿದಿದ್ದಳು.

*

ಪುರೋಹಿತರು ಸಂಕಲ್ಪ ಹೇಳುತ್ತಿದ್ದಾಗ ಮಗಳು ಜಾನ್ವಿಯ ಕೈಯಲ್ಲಿದ್ದ ರಾಜಿಯ ಫೋನು ಬಡಿದುಕೊಂಡಿತು. ಜಾನ್ವಿ ಬಾಗಿಲ ಹೊರಗೆ ಹೋಗಿ ಮಾತಾಡಿ ಬಂದು ಅಮ್ಮನ ಕಿವಿಯ ಹತ್ತಿರ ಬಗ್ಗಿದಳು. ಜೆರಿಕೋದ ತನ್ನ ಮನೆಯಿಂದ ಗಂಡ ಮಯಾಂಕ್ ಜೊತೆ ರಾತ್ರಿಯೇ ಬಂದಿದ್ದಳು; ಮೈಮೇಲೆ ಅಮ್ಮನದೇ ಸೀರೆ.

"ಕ್ಯಾನ್ಸಸ್ ಲೇಡಿ, ಅಮ್ಮಾ. ಕ್ಯಾಂಪ್‌ಗ್ರೌಂಡ್ ಓನರ್. ಶಿ ಸೆಡ್ ಡೋಂಟ್ ವರಿ ಅಬೌಟ್ ದಿ ಆರ್‌ವಿ. ಮರದ ಕೆಳಗೆ ಹಾಕಿದಾರಂತೆ, ಅವರ ಮನೆ ಹಿಂದೆ. ನಾವು ಬರೋವರ್ಗೂ ಅಲ್ಲೇ ಇರ್ಲಿ ಅಂದ್ರು. ಶಿ ವಾಸ್ ಸೋ ನೈಸ್."

"ಮರದ ಕೆಳಗಾ?"

"ಯಾ. ಅವಳ ಹಸ್ಬೆಂಡ್ ಬ್ಯಾಕಪ್ ಮಾಡಿದ್ರಂತೆ."

ರಾಜಿ ಮಗಳ ಕಡೆ ತಿರುಗಿದಳು. "ಹಿಂದೆ ಯಾರು ನಿಂತಿದ್ರಂತೆ?"

"ವಾಟ್ ಡು ಯು ಮೀನ್?"

"ಏನಿಲ್ಲ."

ಅವನು ಹೋದ ದಿನದಿಂದ ಬಯಲಿನಲ್ಲಿ ನಿಂತಿದ್ದ ಗಾಡಿ ಈಗ ನೆರಳು ಸೇರಿತ್ತು. ಅದರ ಸಿಂಕಿನಲ್ಲಿ ಎರಡು ಲೋಟಗಳಿದ್ದವು. ಒಂದರ ಮೇಲೆ ಮುಚ್ಚಳ ಇತ್ತು.

ಪುರೋಹಿತರು ಬಾಯಿಗೆ ಅಕ್ಕಿಕಾಳು ಹಾಕಲು ಒಬ್ಬೊಬ್ಬರನ್ನೇ ಕರೆದರು. ರಾಜಿಯ ಸರದಿ ಬಂದಾಗ ಅವಳು ಕಾಳು ಹಿಡಿದು ಬಗ್ಗಿದಳು. ಸುಬ್ಬುವಿನ ತುಟಿ ತಣ್ಣಗೆ, ಅಂಟಿಸಿದ ಹಾಗೆ ಬಿಗಿಯಾಗಿತ್ತು. ಕಾಳು ಒಳಗೆ ಹೋಗದೆ ಗಲ್ಲದ ಮೇಲೆ ಉಳಿಯಿತು. ಅವಳು ಅದನ್ನು ಬೆರಳಿನಿಂದ ತೆಗೆದು, ಎಲ್ಲಿ ಹಾಕಬೇಕೆಂದು ಗೊತ್ತಾಗದೆ, ಟಿಶ್ಯೂವಿನಲ್ಲಿದ್ದ ಹೇರ್‌ಪಿನ್ನಿನ ಜೊತೆ ಇಟ್ಟುಕೊಂಡಳು.

*

ಗಾಡಿಯನ್ನು ಹಿಂದಕ್ಕೆ ತೆಗೆದುಕೊಳ್ಳುವಾಗ ಹಿಂದೆ ನಿಂತು ದಾರಿ ತೋರಿಸುವುದು ರಾಜಿಯ ಕೆಲಸ. ಮೊದಲ ಸಲ ಹೊರಡುವ ಮುಂಚೆ ದೇವಸ್ಥಾನದ ಖಾಲಿ ಪಾರ್ಕಿಂಗ್ ಲಾಟಿನಲ್ಲಿ ಸುಬ್ಬು ಅವಳಿಗೆ ಕಲಿಸಿದ್ದ. ಎರಡು ಕೈಯೂ ತನ್ನ ಕಡೆಗೆ ಬೀಸಿದರೆ ಬಾ. ಅಂಗೈ ಒಂದು ಪಕ್ಕಕ್ಕೆ ತಳ್ಳಿದರೆ ಗಾಡಿಯ ಬಾಲ ಆ ಕಡೆ. ಮುಷ್ಟಿ ಎತ್ತಿದರೆ ನಿಲ್ಲು.

"ಬಾಯಲ್ಲಿ ಏನೂ ಹೇಳ್ಬೇಡ," ಎಂದಿದ್ದ. "ನಿನ್ನ ಎಡ ನಂಗೆ ಕನ್ನಡೀಲಿ ಗೊಂದಲ. ಕೈ ತೋರ್ಸು ಸಾಕು. ಮುಖ್ಯ ಅಂದ್ರೆ ಒಂದೇ, ನೀನು ಎಲ್ಲಿ ನಿಂತ್ರೂ ಕನ್ನಡೀಲಿ ಕಾಣ್ತಿರ್ಬೇಕು. ನೀನು ಕಾಣ್ತಿದ್ರೆ ಹಿಂದೆ ಏನಿದ್ರೂ ನಂಗೆ ಭಯ ಇಲ್ಲ. ನೀನು ಕಾಣದಿದ್ರೆ ನಾನು ನಿಲ್ಲಿಸ್ಬಿಡ್ತೀನಿ."

ಅಯೋವಾದಲ್ಲಿ, ಮಿಸೌರಿಯಲ್ಲಿ ಅವಳು ಹಾಗೆ ನಿಂತಿದ್ದಳು. ಚೂಡಿದಾರದ ಕೆಳಗೆ ಸ್ನೀಕರ್ಸ್, ತಲೆಗೆ ಮಗಳ ಹಳೆಯ ಟೋಪಿ. ಸಂಜೆಯ ಆ ಹೊತ್ತಿಗೆ ಕ್ಯಾಂಪಿನ ಮಂದಿಯೆಲ್ಲ ಮಡಚುವ ಕುರ್ಚಿ ಹಾಕಿಕೊಂಡು ಬಿಯರ್ ಹಿಡಿದು ಕೂತಿರುತ್ತಿದ್ದರು. ಹೊಸ ಗಾಡಿ ಹಿಂದಕ್ಕೆ ಬರುವುದನ್ನು ನೋಡುವುದು ಅವರಿಗೆ ದಿನದ ನಾಟಕ. ಅವರು ಕೆಟ್ಟವರೇನಲ್ಲ. ಆದರೆ ಅಷ್ಟು ಕಣ್ಣುಗಳು ತನ್ನ ಮೇಲಿರುವಾಗ ರಾಜಿಗೆ ತನ್ನ ಕೈಗಳೇ ಯಾರದೋ ಎನ್ನಿಸುತ್ತಿತ್ತು.

ನೆಬ್ರಾಸ್ಕದಲ್ಲಿ ಒಂದು ಸಂಜೆ ಅವಳು ಹೆದರಿ, ಕೈ ತೋರಿಸುವುದರ ಬದಲು, "ಎಡಕ್ಕೆ, ಎಡಕ್ಕೆ," ಎಂದು ಕೂಗಿದಳು. ಗಾಡಿಯ ಮೂಲೆ ನಲ್ಲಿಯ ಕಂಬಕ್ಕೆ ಬಡಿಯಿತು. ನೀರು ಕಾರಂಜಿಯಂತೆ ಚಿಮ್ಮಿತು. ಕುರ್ಚಿಯ ಮಂದಿಯಲ್ಲಿ ಯಾರೋ ಚಪ್ಪಾಳೆ ತಟ್ಟಿದರು. ಸುಬ್ಬು ಇಳಿದು ಬಂದು, ತೊಯ್ದ ಹೆಂಡತಿಯನ್ನು ನೋಡಿ, "ಗಂಗಾಸ್ನಾನ ಆಯ್ತಲ್ಲ, ಇನ್ನು ಕಾಶಿ ಬೇಡ ನಮ್ಗೆ," ಎಂದ.

ಅವನು ಬೈದಿದ್ದರೆ ಅವಳು ಅತ್ತು ಮುಗಿಸುತ್ತಿದ್ದಳೇನೋ. ಅಂದು ಊಟ ಬಡಿಸುವಾಗ, "ಮುಂದಿನ ಜಾಗ ನಾನು ಆರಿಸ್ತೀನಿ," ಎಂದಳು. ಅಷ್ಟು ವರ್ಷಗಳಲ್ಲಿ ಅವಳು ಹಾಗೆ ಕೇಳಿದ ಎರಡನೆಯ ಅಥವಾ ಮೂರನೆಯ ವಿಷಯ ಅದು. ಅವನು ಕೈ ಒರೆಸಿಕೊಂಡು ಫೋನನ್ನು ಅವಳ ಕಡೆಗೆ ಜರುಗಿಸಿದ.

*

ಪೆಟ್ಟಿಗೆಯ ಮುಚ್ಚಳ ಹಾಕಿ, ಶವ ಸಾಗಿಸುವ ಹರ್ಸ್ ಗಾಡಿಗೆ ಏರಿಸಿದರು. ಗಂಡಸರು ಕಾರುಗಳತ್ತ ಹೊರಟರು. ಜಾನ್ವಿ ದೊಡ್ಡಪ್ಪನ ಎದುರು ನಿಂತಳು.

"ಅಮ್ಮ ವಾಂಟ್ಸ್ ಟು ಕಮ್, ದೊಡ್ಡಪ್ಪಾ. ವೈ ಕಾಂಟ್ ಶೀ?"

"ನಿಂಗೆ ಗೊತ್ತಾಗಲ್ಲ ಪುಟ್ಟಾ."

"ದೆನ್ ಎಕ್ಸ್‌ಪ್ಲೇನ್."

"ಜಾನ್ವಿ, ಬೇಡ," ಎಂದಳು ರಾಜಿ. ಎಲ್ಲರ ಮುಂದೆ, ಸುಬ್ಬು ಇನ್ನೂ ಗಾಡಿಯಲ್ಲಿರುವಾಗ, ತನ್ನಿಂದ ಒಂದು ಜಗಳ ಆಗುವುದು ಅವಳಿಗೆ ಬೇಡವಾಗಿತ್ತು. "ಬಾವ ಹೇಳಿದ್ಹಾಗೇ ಆಗ್ಲಿ."

ನಾಗಭೂಷಣರ ಕಣ್ಣು ತುಂಬಿತು. "ನನ್ನ ತಮ್ಮ ಕಣೇ ಅವನು. ನಂಗಿಂತ ಮುಂಚೆ ಹೋಗೋಕೆ ಅವಂಗೇನು ಅರ್ಜೆಂಟು," ಎಂದು ಸ್ನೀಕರ್ಸನ್ನು ನೋಡುತ್ತ ಹೇಳಿ ಹೋಗಿ ಕಾರಿನಲ್ಲಿ ಕೂತರು.

ಹೆಂಗಸರನ್ನು ಮನೆಗೆ ಬಿಡುವ ಕೆಲಸ ಶೈಲಜಾಳದು. ಜಾನ್ವಿ ಹಿಂದಿನ ಸೀಟಿನಲ್ಲಿ ಕಿಟಕಿಗೆ ಹಣೆ ಒತ್ತಿ ಕೂತಳು. ಹರ್ಸ್ ಗಾಡಿ ಗೇಟಿನಲ್ಲಿ ಎಡಕ್ಕೆ ತಿರುಗಿತು. ಇವರ ಕಾರು ಬಲಕ್ಕೆ ತಿರುಗಿತು. ಕಾರಿನ ಪಕ್ಕದ ಕನ್ನಡಿಯಲ್ಲಿ ಆ ಉದ್ದನೆಯ ಕಪ್ಪು ಗಾಡಿ ಚಿಕ್ಕದಾಗುತ್ತ ಹೋಗಿ, ಒಂದು ಪೆಟ್ರೋಲ್ ಬಂಕಿನ ಆಚೆ ಕಾಣದಾಯಿತು.

ಶೈಲಜಾ ಎ.ಸಿ. ಹಾಕಿದಳು. ತಣ್ಣನೆಯ ಗಾಳಿ ರಾಜಿಯ ಮುಖಕ್ಕೆ ಬಂತು.

"ಅದನ್ನ ಆರಿಸಿ ಅಕ್ಕ," ಎಂದಳು ರಾಜಿ.

"ಆಗಸ್ಟು ಕಣೇ. ಬೆಂದು ಹೋಗ್ತೀವಿ."

"ದಯವಿಟ್ಟು ಆರಿಸಿ."

*

ಕ್ಯಾನ್ಸಸ್ಸಿನ ಜಾಗವನ್ನು ಅವಳು ಚಿತ್ರ ನೋಡಿ ಆರಿಸಿದ್ದಳು. ಚಿತ್ರದಲ್ಲಿ ಒಂದು ಕೆರೆ ಇತ್ತು. ಎಲ್ಲ ಸೈಟುಗಳೂ ಪುಲ್-ಥ್ರೂ ಎಂದು ಬರೆದಿತ್ತು. ಹಿಂದೆ ಯಾರೂ ನಿಲ್ಲಬೇಕಾಗಿಲ್ಲ.

ಸುಬ್ಬು ಫೋನು ಇಸಿದುಕೊಂಡು ನಕ್ಷೆ ಹಿಗ್ಗಿಸಿ ನೋಡಿದ. "ಮರಾನೇ ಇಲ್ವಲ್ಲೇ."

"ಎ.ಸಿ. ಇದೆಯಲ್ಲ."

"ಹೂಂ. ಎ.ಸಿ. ಇದೆ," ಎಂದ. ಮತ್ತೇನೂ ಹೇಳಲಿಲ್ಲ. ಅವಳು ಆರಿಸಿದ್ದನ್ನು ತಾನು ಬದಲಾಯಿಸಬಾರದು ಎಂದುಕೊಂಡಿರಬೇಕು.

ಅವರು ಹೋಗಿ ಸೇರಿದಾಗ ಮಧ್ಯಾಹ್ನ. ಕೆರೆ ಇತ್ತು, ದೂರದಲ್ಲಿ, ತಗಡಿನ ಹಾಗೆ ಹೊಳೆಯುತ್ತ. ಸುತ್ತಲೂ ಕಟಾವಾದ ಗೋಧಿಯ ಹೊಲ. ಸುಬ್ಬು ಗಾಡಿಯನ್ನು ಒಂದೇ ಸಲಕ್ಕೆ ನೇರ ಒಳಕ್ಕೆ ತಂದು ನಿಲ್ಲಿಸಿದ.

"ನೋಡಿ, ಎಷ್ಟು ಸಲೀಸು," ಎಂದಳು ರಾಜಿ ಪಕ್ಕದ ಸೀಟಿನಿಂದ.

"ಹೌದು ಕಣೆ," ಎಂದ ಅವನು. ಎಂಜಿನ್ ಆರಿಸುವ ಮೊದಲು, ಅಭ್ಯಾಸಬಲದಿಂದ, ಒಮ್ಮೆ ಕನ್ನಡಿಯತ್ತ ನೋಡಿದ. ಅಲ್ಲಿ ಬರೀ ಬಯಲಿತ್ತು.

ಕರೆಂಟಿನ ತಂತಿ, ನೀರಿನ ಪೈಪು ಸಿಕ್ಕಿಸುವುದು ಗಾಡಿಯ ಎಡಮಗ್ಗುಲಿನಲ್ಲಿ. ಅವನು ಡ್ರೈವರ್ ಸೀಟಿನ ಬಾಗಿಲಿನಿಂದ ಆ ಕಡೆ ಇಳಿದ. ಬಾಗಿಲು, ಅಡಿಗೆಕಟ್ಟೆ, ಕಿಟಕಿ ಎಲ್ಲ ಬಲಮಗ್ಗುಲಿನಲ್ಲಿ. ಅವಳು ಎದ್ದು ಹಾಲು ಕಾಯಿಸಲು ಇಟ್ಟಳು. ಮರದ ಕೆಳಗಿನ ಸೈಟುಗಳಲ್ಲಾದರೆ ಗಾಡಿ ನಿಂತ ಮೇಲೂ ಅವಳು ಹೊರಗೇ ಇರುತ್ತಿದ್ದಳು. ಪೈಪಿನ ಒಂದು ತುದಿ ಅವಳ ಕೈಯಲ್ಲಿ ಇರುತ್ತಿತ್ತು.

ಸ್ವಲ್ಪ ಹೊತ್ತಿಗೆ ಕರೆಂಟು ಬಂತು. ಎ.ಸಿ. ಗುರ್ ಎಂದು ಶುರುವಾಯಿತು. ರಾಜಿ ಅದರ ಕೆಳಗೆ ಹೋಗಿ ನಿಂತು, ಕತ್ತಿನ ಬೆವರಿಗೆ ಗಾಳಿ ತಾಗಿಸಿಕೊಂಡು, ಕಣ್ಣು ಮುಚ್ಚಿದಳು. ಪ್ರವಾಸ ಅಂದರೆ ಹೀಗಿರಬೇಕಪ್ಪ ಎಂದುಕೊಂಡಳು. ಯಾರೂ ನೋಡುತ್ತಿಲ್ಲ. ಯಾರಿಗೂ ಕೈ ಬೀಸಬೇಕಿಲ್ಲ. ಎಷ್ಟೋ ದಿನಗಳ ಮೇಲೆ ಅವಳಿಗೆ ನಿಜವಾಗಿ ಹಾಯೆನಿಸಿತ್ತು. ಆಮೇಲೆ ಅವಳಿಗೆ ಮತ್ತೆ ಮತ್ತೆ ನೆನಪಾದದ್ದು ಆ ಹಾಯೇ.

ಕಾಫಿ ಬೆರೆಸಿ ಎರಡು ಲೋಟಗಳಿಗೆ ಹಾಕಿ, ಅವನದಕ್ಕೆ ಮುಚ್ಚಳ ಮುಚ್ಚಿದಳು. ತನ್ನದನ್ನು ಅರ್ಧ ಕುಡಿದಳು. ಆಗ ಕಿಟಕಿಯ ಹೊರಗೆ, ಒಣಮಣ್ಣಿನ ಮೇಲೆ, ಗಾಡಿಯ ಅಡಿಯಿಂದ ನೀರು ಹರಿದು ಬರುವುದು ಕಂಡಿತು. ಸಣ್ಣಗೆ, ದಾರಿ ಹುಡುಕಿಕೊಂಡು, ಧೂಳನ್ನು ಮುಂದಕ್ಕೆ ತಳ್ಳುತ್ತ ಬರುತ್ತಿತ್ತು.

"ಏನ್ರೀ, ನೀರು ಪೋಲಾಗ್ತಿದೆ," ಎಂದಳು. ದನಿಯಲ್ಲಿ ಸ್ವಲ್ಪ ಬೇಸರ ಇತ್ತು.

ಎ.ಸಿ. ಸದ್ದಿಗೆ ಕೇಳಿಸಿರಲಾರದು ಎಂದು ಇನ್ನೊಮ್ಮೆ ಕೂಗಿದಳು. ಉಳಿದರ್ಧ ಕಾಫಿ ಕುಡಿದಳು. ಆಮೇಲೆ ಚಪ್ಪಲಿ ಮೆಟ್ಟಿ, ಬಲಗಡೆ ಇಳಿದು, ಗಾಡಿಯ ಮೂತಿಯನ್ನು ಬಳಸಿಕೊಂಡು ಆ ಕಡೆ ಹೋದಳು.

ಪೈಪು ಅವನ ಕೈಯಲ್ಲೇ ಇತ್ತು. ಬಿಸಿಲು ನೇರವಾಗಿ ಅವನ ಮುಖದ ಮೇಲೆ ಬೀಳುತ್ತಿತ್ತು.

*

"ಶೈಲಕ್ಕ, ಗಾಡಿ ತಿರುಗಿಸಿ," ಎಂದಳು ರಾಜಿ.

ಶೈಲಜಾ ರಸ್ತೆಯ ಮೇಲಿನ ಕಣ್ಣು ತೆಗೆಯಲಿಲ್ಲ. "ಇಲ್ಲಿ ತಿರುಗಿಸೋಕಾಗಲ್ಲ."

"ಮುಂದೆ ಜಗ್‌ಹ್ಯಾಂಡಲ್ ಇದೆ. ಫಾರ್ಮಸಿ ದಾಟಿದ ಮೇಲೆ."

ನ್ಯೂಜೆರ್ಸಿಯ ರಸ್ತೆಗಳ ರೀತಿಯೇ ಹಾಗೆ. ಎಡಕ್ಕೆ ಹೋಗಬೇಕಾದವನು ಮೊದಲು ಬಲಕ್ಕೆ ಇಳಿದು, ಹೂಜಿಯ ಹಿಡಿಯಂಥ ಒಂದು ಸುತ್ತು ಹಾಕಿ ಬರಬೇಕು. ಫಾರ್ಮಸಿ ಬಂತು. ಶೈಲಜಾ ವೇಗ ಕಡಿಮೆ ಮಾಡಲಿಲ್ಲ.

"ಅವರು ಏನಂತಾರೋ," ಎಂದಳು.

"ಅನ್ನಲಿ."

ಅದು ತನ್ನ ದನಿಯೇ ಎಂದು ರಾಜಿಗೆ ಒಂದು ಗಳಿಗೆ ಅನುಮಾನವಾಯಿತು. ಹಿಂದಿನ ಸೀಟಿನಿಂದ ಜಾನ್ವಿ ಕಿಟಕಿ ಬಿಟ್ಟು ನೆಟ್ಟಗೆ ಕೂತಳು.

"ನಲವತ್ತು ವರ್ಷದಿಂದ ಅವರ ಜೊತೆ ಬಾಳ್ತಿದೀನಿ," ಎಂದಳು ಶೈಲಜಾ. "ಒಂದು ದಿನ ಅವರು ಹೇಳಿದ ದಾರಿ ಬಿಟ್ಟು ಹೋಗಿಲ್ಲ. ಹಿಲ್‌ಸೈಡ್ ಅವೆನ್ಯೂನಲ್ಲಿ ತರಕಾರಿ ಅಂಗಡಿಗೆ ಹೋಗೋಕೂ." ಕಾರಿನ ಇಂಡಿಕೇಟರು ಟಿಕ್ ಟಿಕ್ ಎನ್ನತೊಡಗಿತು. ಕಾರು ಬಲಕ್ಕೆ ಇಳಿಯಿತು. "ಜಿಪಿಎಸ್ ತಪ್ಪಿಸ್ತು ಅಂತೀನಿ. ನೀವಿಬ್ರೂ ಹೌದು ಅನ್ಬೇಕು, ಗೊತ್ತಾಯ್ತಾ?"

ಯಾರೂ ನಗಲಿಲ್ಲ. ಜಾನ್ವಿ ಮುಂದಕ್ಕೆ ಬಗ್ಗಿ ದೊಡ್ಡಮ್ಮನ ಭುಜದ ಮೇಲೆ ಕೈಯಿಟ್ಟಳು.

ಕ್ರೆಮಟೋರಿಯಂ ಒಂದು ಹಳೆಯ ಸ್ಮಶಾನದ ಹಿಂಬದಿಗಿತ್ತು. ಬಾವ ಹೇಳಿದ್ದು ಸುಳ್ಳಲ್ಲ. ಅದೊಂದು ಷೆಡ್ಡೇ. ಕಾಂಕ್ರೀಟ್ ನೆಲ, ಗೋಡೆಗೆ ಒರಗಿಸಿದ ಉದ್ದ ಹಿಡಿಯ ಪೊರಕೆ, ಮೂಲೆಯಲ್ಲಿ ಹಳೆಯ ಫ್ಯಾನು. ಮಧ್ಯದಲ್ಲಿ ಸ್ಟೀಲಿನ ಬಾಗಿಲು ಮೇಲೆದ್ದು, ಒಳಗೆ ಇಟ್ಟಿಗೆಯ ಕಮಾನು ಕಾಣುತ್ತಿತ್ತು. ಪೆಟ್ಟಿಗೆ ಉರುಳೆಗಳ ಮೇಜಿನ ಮೇಲೆ ಬಾಗಿಲಿಗೆ ಎದುರಾಗಿ ನಿಂತಿತ್ತು.

ನಾಗಭೂಷಣ ತಿರುಗಿ ನೋಡಿದರು. ಅವರ ದೃಷ್ಟಿ ರಾಜಿಯಿಂದ ಹೆಂಡತಿಗೆ, ಹೆಂಡತಿಯಿಂದ ರಾಜಿಗೆ ಬಂತು. ಶೈಲಜಾ ಜಿಪಿಎಸ್ಸಿನ ಮಾತೆತ್ತಲಿಲ್ಲ.

"ರಾಜಿ," ಎಂದರು ಅವರು. "ನಾನು ಹೇಳಿದ್ದೆ."

"ಹೌದು ಬಾವ."

"ಮತ್ತೆ?"

ದಾರಿಯುದ್ದಕ್ಕೂ ಅವಳು ಮಾತು ಜೋಡಿಸಿಕೊಂಡು ಬಂದಿದ್ದಳು. ಜಾಗ ನಾನು ಆರಿಸಿದ್ದು ಎನ್ನಬೇಕೆಂದಿದ್ದಳು. ಮರ ಇರಲಿಲ್ಲ ಎನ್ನಬೇಕೆಂದಿದ್ದಳು. ಅದನ್ನು ಹೇಳಿದರೆ ಇವರೆಲ್ಲ ಸಮಾಧಾನ ಮಾಡಲು ಬರುತ್ತಾರೆ ಎಂದು ಹೊಳೆಯಿತು.

"ಅವರು ಒಳಗೆ ಹೋಗುವಾಗ ನಾನು ಇರ್ಬೇಕು," ಎಂದಳು ಅಷ್ಟೆ.

ನಾಗಭೂಷಣ ಮುಖವನ್ನು ಆಚೆ ತಿರುಗಿಸಿದರು. "ನಿನ್ನಿಷ್ಟ. ನಾಳೆ ನನ್ನ ಮೇಲೆ ಹಾಕ್ಬೇಡ."

ಪುರೋಹಿತರು ಬೇಗ ಬೇಗ ಮಂತ್ರ ಮುಗಿಸಿದರು. ಬಿಳಿ ಗಡ್ಡದ, ಮೊಣಕೈವರೆಗೂ ಕೈಗವಸು ತೊಟ್ಟ ಕೆಲಸಗಾರ ಎಲ್ಲರನ್ನೂ ಹಿಂದೆ ಸರಿಸಿ, ಕ್ರಿಷ್ ಮತ್ತು ಮಯಾಂಕ್‌ರನ್ನು ಮಾತ್ರ ಅಕ್ಕಪಕ್ಕ ನಿಲ್ಲಿಸಿಕೊಂಡ. ತಾನು ಪೆಟ್ಟಿಗೆಯ ಈಚೆ ತುದಿಗೆ ನಿಂತು ತಳ್ಳಿದ. ಉರುಳೆಗಳು ಗರಗರ ಎಂದವು.

ಪೆಟ್ಟಿಗೆ ಒಂದಿಷ್ಟೇ ಓರೆಯಾಗಿತ್ತು. ಬಲಮೂಲೆ ಇಟ್ಟಿಗೆಯ ಅಂಚಿಗೆ ತಾಗುವಂತಿತ್ತು. ಹುಡುಗರಿಬ್ಬರ ಕಣ್ಣಲ್ಲೂ ನೀರು; ಅವರಿಗೆ ಅದು ಕಾಣುತ್ತಿರಲಿಲ್ಲ. ಕೆಲಸಗಾರನಿಗೆ ಪೆಟ್ಟಿಗೆಯೇ ಅಡ್ಡ. ಮೂಲೆ ಇಟ್ಟಿಗೆಗೆ ಉಜ್ಜಿ, ಹಲಗೆ ಕಿರ್ ಎಂದಿತು.

ರಾಜಿ ಹೆಂಗಸರ ಸಾಲು ಬಿಟ್ಟು ಮುಂದೆ ಬಂದಳು. ಬಾಗಿಲಿನ ಪಕ್ಕದವರೆಗೆ ಹೋಗಿ, ಅಲ್ಲಿಂದ ಅರ್ಧ ಹೆಜ್ಜೆ ಹಿಂದೆ ಸರಿದು, ಕೆಲಸಗಾರನಿಗೆ ಕಾಣುವ ಹಾಗೆ ನಿಂತಳು. ಕೈಯಲ್ಲಿದ್ದ ಟಿಶ್ಯೂವನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಎರಡೂ ಕೈ ಎತ್ತಿದಳು.

"ಅಮ್ಮಾ," ಎಂದಳು ಜಾನ್ವಿ.

ಕೆಲಸಗಾರ ತಳ್ಳುವುದನ್ನು ನಿಲ್ಲಿಸಿ ಅವಳನ್ನು ನೋಡಿದ.

ಅವಳು ಬಾಯಿ ತೆರೆಯಲಿಲ್ಲ. ಮೊದಲು ಪೆಟ್ಟಿಗೆಯ ಆ ಕಡೆಯ ಸಂದು ನೋಡಿದಳು, ಆಮೇಲೆ ಈ ಕಡೆಯದು. ಅಂಗೈಯನ್ನು ನಿಧಾನವಾಗಿ ಒಂದು ಪಕ್ಕಕ್ಕೆ ತಳ್ಳಿದಳು. ಕೆಲಸಗಾರ ಪೆಟ್ಟಿಗೆಯನ್ನು ಸ್ವಲ್ಪ ಜರುಗಿಸಿದ. ಇನ್ನೂ ಸ್ವಲ್ಪ ಎಂದು ಕೈ ಹೇಳಿತು. ಅವನು ಇನ್ನೂ ಸ್ವಲ್ಪ ಜರುಗಿಸಿದ. ಎರಡು ಕಡೆಯ ಸಂದೂ ಒಂದೇ ಸಮವಾಯಿತು. ಆಗ ಅವಳು ಎರಡೂ ಕೈಗಳನ್ನು ತನ್ನ ಕಡೆಗೆ ಬೀಸಿದಳು. ಬಾ. ಉರುಳೆಗಳು ಮತ್ತೆ ಸದ್ದು ಮಾಡಿದವು. ಬಾ. ಹೂವಿನ ಒಂದು ಎಸಳು ಮುಚ್ಚಳದಿಂದ ಜಾರಿ ಕಾಂಕ್ರೀಟಿನ ಮೇಲೆ ಬಿತ್ತು. ಬಾ. ಪೆಟ್ಟಿಗೆ ಎಲ್ಲಿಯೂ ತಾಗದೆ ಅವಳ ಪಕ್ಕದಿಂದ ಒಳಕ್ಕೆ ಹೋಗುತ್ತಲೇ ಇತ್ತು.

ಹಿಂಬದಿಯ ಹಲಗೆ ಬಾಗಿಲ ಗೆರೆಯನ್ನು ದಾಟಿದಾಗ ಅವಳು ಮುಷ್ಟಿ ಎತ್ತಿದಳು.

ಕೆಲಸಗಾರ ಕೈ ತೆಗೆದು ಹಿಂದೆ ಸರಿದ. ಯಾರು ಗುಂಡಿ ಒತ್ತಿದರೋ ಅವಳು ನೋಡಲಿಲ್ಲ. ಸ್ಟೀಲಿನ ಬಾಗಿಲು ಮೇಲಿನಿಂದ ನಿಧಾನವಾಗಿ ಇಳಿದು ನೆಲಕ್ಕೆ ಕೂತಿತು. ದಿನವೂ ಒರೆಸುತ್ತಿದ್ದರೆಂದು ಕಾಣುತ್ತದೆ, ಅದು ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಅದರಲ್ಲಿ ಒಬ್ಬ ಕುಳ್ಳನೆಯ ಹೆಂಗಸು ಸೀರೆಯಲ್ಲಿ, ಒಂದು ಕೈ ಮೇಲೆತ್ತಿ ನಿಂತಿದ್ದಳು. ಒಳಗೆ ಗುರ್ ಎಂದು ಸದ್ದು ಶುರುವಾಯಿತು. ಕೈ ಇಳಿಯಲಿಲ್ಲ.